ಕೊರೆಯುವ ಚಳಿಯಲ್ಲೂ ಕಾಯುವ ಎಂಜಿನ್

ಕ್ವಿಬೆಕ್ ಅಥವಾ ಮಿನ್ನೆಸೋಟದ ಹಿಮದಾರಿಗಳಲ್ಲಿ ಸ್ನೋಮೊಬೈಲ್ ಓಡಿಸುವ ಹೊಸಬರು, ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಎಂಜಿನ್ ಮಿತಿಮೀರಿ ಕಾಯಲಾರದೆಂದು ನಂಬಿ ಉಷ್ಣಮಾಪಕದತ್ತ ಕಣ್ಣು ಹಾಯಿಸದಿರುವುದುಂಟು. ಆದರೆ ದ್ರವದಿಂದ ತಣಿಯುವ ಸ್ನೋಮೊಬೈಲುಗಳಲ್ಲಿ ಸಾಮಾನ್ಯವಾಗಿ ಸೀಟಿನ ಕೆಳಗೆ ಉಷ್ಣವಿನಿಮಯಕಗಳು, ಅಂದರೆ ಬಿಸಿ ಕೂಲಂಟ್ ಹರಿಯುವ ಅಲ್ಯೂಮಿನಿಯಂ ಕಾಲುವೆಗಳು ಇರುತ್ತವೆ. ತಿರುಗುವ ರಬ್ಬರ್ ಪಟ್ಟಿ ಎರಚಿದ ಹಿಮ ಅವುಗಳಿಗೆ ತಾಗಿ ಕರಗಿದಾಗಲೇ ಶಾಖ ಸರಿಯಾಗಿ ಹೊರಹೋಗುವುದರಿಂದ, ಎಂಜಿನ್ನಿಗೆ ಆಸರೆಯಾಗುವುದು ಚಳಿಗಾಳಿಗಿಂತ ಹೆಚ್ಚಾಗಿ ಸಡಿಲ ಹಿಮವೇ.

ಆದಕಾರಣ ಹುಡಿಹಿಮದಲ್ಲಿ ಇಳಿದಿದ್ದ ಉಷ್ಣತೆ, ಗಟ್ಟಿಯಾದ ದಾರಿಗೋ ಹೆಪ್ಪುಗಟ್ಟಿದ ಸರೋವರಕ್ಕೋ ಬಂದೊಡನೆ ಏರುವುದು ಸಹಜ, ಅಷ್ಟಕ್ಕೇ ಗಾಬರಿ ಬೇಕಿಲ್ಲ. ಏರಿಕೆ ನಿಲ್ಲದಿದ್ದರೆ ಮಾತ್ರ ಉದಾಸೀನ ಸಲ್ಲದು. ಇಂಥಲ್ಲಿ ಹಿಮ ಕೆರೆಯುವ ಕಡ್ಡಿಗಳನ್ನು, ಅಂದರೆ ನೆಲವನ್ನು ಗೀರಿ ಹಿಮದ ಪುಡಿಯನ್ನು ಮೇಲಕ್ಕೆ ಚಿಮ್ಮಿಸುವ ಉಕ್ಕಿನ ಸಾಧನಗಳನ್ನು, ಮೊದಲೇ ಇಳಿಸಿಕೊಳ್ಳಬೇಕು. ವಾಹನವನ್ನು ಹಿಂದಕ್ಕೆ ತೆಗೆಯುವ ಮುನ್ನ ಅವನ್ನು ಎತ್ತಿಕೊಳ್ಳದಿದ್ದರೆ ಅನೇಕ ಬಗೆಯ ಕಡ್ಡಿಗಳು ಬಾಗಿ ಮುರಿಯುತ್ತವೆ. ಪಟ್ಟಿಯೊಳಗಿನ ಪ್ಲಾಸ್ಟಿಕ್ ಜಾರುಹಳಿಗಳಿಗೂ ಈ ಹಿಮವೇ ಜಾರುನೀರಾಗುವುದರಿಂದ, ಅದಿಲ್ಲದೆ ಅವು ಕಾದು ಸವೆಯುತ್ತವೆ. ಎಚ್ಚರಿಕೆಯ ದೀಪ ಹೊತ್ತಿದ ಮೇಲೂ ಮುಂದಿನ ತಂಗುದಾಣದವರೆಗೆ ತಲುಪಿಬಿಡೋಣವೆಂಬ ಆತುರ ಎಂಜಿನ್ನನ್ನೇ ಬಲಿ ತೆಗೆದುಕೊಳ್ಳಬಲ್ಲದು. ದಾರಿಯಂಚಿಗೆ ಸರಿದು ಎಂಜಿನ್ ಆರಿಸಿ ಕಾಯುವುದೇ ಕ್ಷೇಮ, ಬಿಸಿಯಿರುವಾಗ ಕೂಲಂಟಿನ ಮುಚ್ಚಳವನ್ನಂತೂ ತೆರೆಯಬಾರದು.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಅಷ್ಟೇ ದುಬಾರಿ: ಬೆಳಗಿನ ಹೊತ್ತು ಎಂಜಿನ್ ಬೆಚ್ಚಗಾಗುವ ಮುನ್ನವೇ ಥ್ರಾಟಲನ್ನು ಪೂರ್ತಿ ಒತ್ತಿದರೆ, ತಣ್ಣಗಿನ ಸಿಲಿಂಡರಿಗಿಂತ ಬೇಗ ಹಿಗ್ಗಿದ ಪಿಸ್ಟನ್ ಅದರ ಗೋಡೆಗೆ ಕಚ್ಚಿಕೊಂಡು ನಿಂತುಬಿಡಬಹುದು.