ಕೂತ ಗಾಡಿ, ಹೋದ ಬುಷ್: ಹಳೇ ಮಾರುತಿ 800ರ ಅಡಿಯಲ್ಲಿ ಕಲಿತದ್ದು

ಹಳೇ ಮಾರುತಿ 800 ತರುವವರ ದೂರು ಬಹುಮಟ್ಟಿಗೆ ಎರಡೇ. "ಗುಂಡಿಗಿಳಿದರೆ ಟಕ್ ಅನ್ನುತ್ತೆ ಮೇಸ್ತ್ರಿ" ಅನ್ನುವುದು ಒಂದು, "ಗಾಡಿ ಒಂದು ಕಡೆ ಕೂತಿದೆ" ಅನ್ನುವುದು ಇನ್ನೊಂದು. ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಮೊದಲನೆಯದಕ್ಕೆ ಬುಷ್ ಹಾಕುತ್ತಾರೆ, ಎರಡನೆಯದಕ್ಕೆ ಸ್ಪ್ರಿಂಗ್ ಹಾಕುತ್ತಾರೆ. ಎರಡಕ್ಕೂ ಇರುವ ನಂಟನ್ನು ಯಾರೂ ನೋಡುವುದಿಲ್ಲ. ಎತ್ತರ ಸರಿ ಇಲ್ಲದ ಗಾಡಿಗೆ ಹಾಕಿದ ಹೊಸ ಬುಷ್ ಬಾಳುವುದಿಲ್ಲ. ಬುಷ್ ತಪ್ಪಾಗಿ ಬಿಗಿದ ಗಾಡಿಯ ಎತ್ತರವನ್ನು ನಂಬುವ ಹಾಗೂ ಇಲ್ಲ.

ಈ ಗಾಡಿಯ ತಯಾರಿಕೆ 2014ರಲ್ಲೇ ನಿಂತಿತು, ಆದರೆ ತಾಲೂಕು ಊರುಗಳಲ್ಲಿ ಇನ್ನೂ ಓಡುತ್ತಿದೆ. 1983ರ ಮೊದಲ ಮಾದರಿಗೆ ಹಿಂದೆ ಲೀಫ್ ಸ್ಪ್ರಿಂಗ್ ಇತ್ತು. ನಾನು ಹೇಳುತ್ತಿರುವುದು 1986ರಿಂದ ಬಂದ, ಹಿಂದೆಯೂ ಕಾಯಿಲ್ ಸ್ಪ್ರಿಂಗ್ ಇರುವ ಮಾದರಿಯ ಬಗ್ಗೆ.

1. ಸ್ಪ್ಯಾನರ್ ಹಿಡಿಯುವ ಮೊದಲು ಟೇಪ್ ಹಿಡಿಯಿರಿ

ಸಮನೆಲದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಟೈರಿನ ಗಾಳಿ ಸರಿ ಮಾಡಿ. ಡಿಕ್ಕಿಯಲ್ಲಿರುವ ಅಕ್ಕಿ ಮೂಟೆ ಇಳಿಸಿ. ಮುಂದೆ ಹಿಂದೆ ಸ್ವಲ್ಪ ಉರುಳಿಸಿ, ನಾಲ್ಕು ಮೂಲೆಗಳನ್ನೂ ಒತ್ತಿ ಬಿಡಿ. ಆಮೇಲೆ ಅಳತೆ. ನೆಲದಿಂದ ಮಡ್‌ಗಾರ್ಡಿಗೆ ಅಳೆದರೆ ಸವೆದ ಟೈರಿನ ಲೆಕ್ಕವೂ ಸೇರಿಕೊಳ್ಳುತ್ತದೆ. ಅದಕ್ಕೇ ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿಗೆ ಅಳೆಯಬೇಕು. ಎಡಬಲಗಳ ನಡುವೆ 10 ಮಿಲಿಮೀಟರ್ ಒಳಗಿನ ವ್ಯತ್ಯಾಸಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಇಷ್ಟು ವಯಸ್ಸಾದ ಗಾಡಿ ಎಲ್ಲಾದರೂ ಗುದ್ದಿಸಿಕೊಂಡೇ ಇರುತ್ತದೆ. ಟಿಂಕರಿಂಗ್ ಆದ ಮಡ್‌ಗಾರ್ಡ್ ಒಂದು ಬೆರಳು ಮೇಲೋ ಕೆಳಗೋ ಕೂತಿರಬಹುದು. ಆದ್ದರಿಂದ ಲೋಯರ್ ಆರ್ಮಿನ ಒಳಬದಿಯ ಬೋಲ್ಟಿನಿಂದ ನೆಲಕ್ಕೂ ಒಂದು ಅಳತೆ ತೆಗೆಯಿರಿ. ಆ ಬೋಲ್ಟು ಎರಡೂ ಕಡೆ ಒಂದೇ ಎತ್ತರದಲ್ಲಿದ್ದು ಮಡ್‌ಗಾರ್ಡ್ ಮಾತ್ರ ಓರೆಯಾಗಿದ್ದರೆ ಅದು ಟಿಂಕರನ ಕೆಲಸ, ಸ್ಪ್ರಿಂಗಿನ ತಪ್ಪಲ್ಲ.

2. ಕೂತ ಮೂಲೆಯೇ ಕೆಟ್ಟ ಮೂಲೆ ಅಂದುಕೊಳ್ಳಬೇಡಿ

ಹಿಂದಿನ ಎಡಗಡೆ ತಗ್ಗಿದೆ ಎಂದು ಅಲ್ಲಿಯ ಸ್ಪ್ರಿಂಗ್ ಬದಲಿಸಿದರೂ ಗಾಡಿ ಹಾಗೇ ವಾಲಿರುವುದುಂಟು. ಮುಂದಿನ ಒಂದು ಸ್ಪ್ರಿಂಗ್ ಸೋತಿದ್ದರೆ ಇಡೀ ಬಾಡಿ ವಾಲಿ, ಆ ವಾಲು ಹಿಂದೆಯೂ ಕಾಣುತ್ತದೆ. ಪರೀಕ್ಷೆ ಸುಲಭ: ಟ್ರಾಲಿ ಜಾಕನ್ನು ಮುಂಭಾಗದ ಸರಿಯಾಗಿ ನಡುವೆ ಕೊಟ್ಟು ಮುಂದಿನ ಎರಡೂ ಚಕ್ರ ನೆಲ ಬಿಡುವಷ್ಟು ಎತ್ತಿ. ಈಗ ಹಿಂಭಾಗ ತಾನಾಗಿ ಸಮವಾದರೆ ದೋಷ ಮುಂದಿದೆ. ಆಗಲೂ ವಾಲಿಯೇ ಇದ್ದರೆ ಹಿಂದಿನ ಸ್ಪ್ರಿಂಗನ್ನೇ ನೋಡಿ. ಈ ಹೊತ್ತಿನಲ್ಲಿ ಯಾರೂ ಗಾಡಿಯ ಕೆಳಗೆ ಹೋಗಬಾರದು.

ಶಾಕ್ಸ್ ಬದಲಿಸಿದರೆ ಗಾಡಿ ಏಳುತ್ತದೆ ಎನ್ನುವ ನಂಬಿಕೆ ಬಹಳ ಗಟ್ಟಿ. ಗಾಡಿಯ ತೂಕ ಹೊರುವುದು ಸ್ಪ್ರಿಂಗ್, ಶಾಕ್ಸ್ ಕುಣಿತವನ್ನು ತಡೆಯುತ್ತದೆ ಅಷ್ಟೆ.

3. ಕರಾವಳಿಯ ಗಾಡಿಯಾದರೆ ಸ್ಪ್ರಿಂಗಿನ ಕೊನೆಯ ಸುತ್ತನ್ನು ಕೈಯಿಂದ ಮುಟ್ಟಿ ನೋಡಿ

ಸ್ಪ್ರಿಂಗ್ ಕೂರುವ ಬಟ್ಟಲಿನಲ್ಲಿ ಕೆಸರು ನಿಂತು, ಪೇಂಟ್ ಎದ್ದು, ತುಕ್ಕು ಹಿಡಿದು ಕೊನೆಯ ಸುತ್ತು ಮುರಿಯುತ್ತದೆ. ಮಂಗಳೂರು, ಕಾರವಾರದ ಕಡೆಯ ಗಾಡಿಗಳಲ್ಲಿ ಇದು ಅಪರೂಪವಲ್ಲ. ತುಂಡು ಬಟ್ಟಲಲ್ಲೇ ಕೂತಿರುವುದರಿಂದ ಮೇಲಿನಿಂದ ಕಾಣುವುದಿಲ್ಲ. ಸ್ಟೇರಿಂಗ್ ತಿರುಗಿಸಿದಾಗ ಮುಂದೆ 'ಟಣ್' ಎಂದರೆ ಮೊದಲ ಅನುಮಾನ ಇದರ ಮೇಲಿರಲಿ. ಬದಲಿಸುವಾಗ ಎಡಬಲ ಜೋಡಿಯಾಗಿಯೇ ಬದಲಿಸಿ. ಕಂಪ್ರೆಸರ್ ಹಾಕಿ ಸ್ಪ್ರಿಂಗ್ ಬಿಗಿಯದೆ ಸ್ಟ್ರಟ್ಟಿನ ಮೇಲಿನ ನಟ್ ಬಿಚ್ಚಬಾರದು. ಅದು ಮುಖಕ್ಕೇ ಹಾರುತ್ತದೆ.

4. ಸದ್ದು ಎಲ್ಲಿಂದ ಎನ್ನುವುದಕ್ಕಿಂತ ಯಾವಾಗ ಎಂದು ಕೇಳಿ

ಕಿವಿ ನಂಬಿ ಪಾರ್ಟ್ ಬದಲಿಸಿದರೆ ದುಡ್ಡು ಖರ್ಚಾಗುತ್ತದೆ, ಸದ್ದು ಉಳಿಯುತ್ತದೆ. ಚಾಸಿಯ ಶೀಟಿನಲ್ಲಿ ಸದ್ದು ಎಲ್ಲೆಲ್ಲಿಗೋ ಓಡುತ್ತದೆ.

ಬ್ರೇಕ್ ಹಿಡಿದಾಗ ಒಂದು 'ಧಡ್', ಜೊತೆಗೆ ಸ್ಟೇರಿಂಗ್ ಒಂದು ಕಡೆ ಎಳೆದರೆ ಸ್ಟೆಬಿಲೈಸರ್ ಬಾರ್ ಲೋಯರ್ ಆರ್ಮನ್ನು ಸೇರುವ ಜಾಗದ ಬುಷ್ ನೋಡಿ. 800ರಲ್ಲಿ ಈ ಬಾರ್ ವಾಲಾಟ ತಡೆಯುವುದರ ಜೊತೆಗೆ ಚಕ್ರ ಹಿಂದೆ ಸರಿಯದಂತೆ ಹಿಡಿದಿಡುವ ಕೆಲಸವನ್ನೂ ಮಾಡುತ್ತದೆ. ಬ್ರೇಕಿನ ಹೊಡೆತವೆಲ್ಲ ಆ ಸಣ್ಣ ರಬ್ಬರಿನ ಮೇಲೆ. ಅದು ಹೋದರೆ ಕ್ಯಾಸ್ಟರ್ ತಪ್ಪಿ, ನೇರ ರಸ್ತೆಯಲ್ಲೂ ಸ್ಟೇರಿಂಗ್ ತಿದ್ದುತ್ತಲೇ ಇರಬೇಕಾಗುತ್ತದೆ.

ಹೈವೇಯಲ್ಲಿ ಲಾರಿ ಪಕ್ಕದಲ್ಲಿ ಹಾದಾಗ ಗಾಡಿಯ ಹಿಂಭಾಗ ಬಾಲ ಆಡಿಸಿದರೆ ಹಿಂದಿನ ಲ್ಯಾಟರಲ್ ರಾಡಿನ ಬುಷ್. ಗಾಡಿ ಹೊರಡುವಾಗ, ನಿಲ್ಲುವಾಗ ಹಿಂದೆ 'ಟಕ್' ಎಂದರೆ ಟ್ರೇಲಿಂಗ್ ಆರ್ಮಿನ ಬುಷ್. ಇದನ್ನು ನೋಡಲು ಹ್ಯಾಂಡ್‌ಬ್ರೇಕ್ ಎಳೆದು, ಹುಡುಗನೊಬ್ಬನಿಗೆ ಗಾಡಿಯನ್ನು ಹಿಂದೆ ಮುಂದೆ ನೂಕಲು ಹೇಳಿ ಪಿಟ್ಟಿನಿಂದ ಟಾರ್ಚ್ ಬಿಡಿ. ಆಕ್ಸಲ್ ಆಡುವುದು ಕಣ್ಣಿಗೇ ಕಾಣುತ್ತದೆ. ಚಕ್ರ ಜೋತಾಡುವಂತೆ ಎತ್ತಿ ನೋಡಿದರೆ ಭಾರವಿಲ್ಲದೆ ಹರಿದ ರಬ್ಬರೂ ಸಾಚಾ ಥರ ಕಾಣುತ್ತದೆ. ರಬ್ಬರಿನ ಹೊರಮೈಯ ಸಣ್ಣ ಬಿರುಕಿಗೆ ಹೆದರಬೇಕಿಲ್ಲ. ಸಣ್ಣ ಹಾರೆಯಿಂದ ಮೀಟಿದಾಗ ನಡುವಿನ ಕೊಳವೆ ರಬ್ಬರ್ ಬಿಟ್ಟು ಬೇರೆಯಾಗಿ ಕುಣಿದರೆ ಮಾತ್ರ ಅದು ಸತ್ತಂತೆ.

5. ಕೊನೆಯ ಬಿಗಿತ ನೆಲದ ಮೇಲೆ

ಇದೊಂದನ್ನು ಮಾಡಿದರೆ ಉಳಿದ ಅರ್ಧ ತೊಂದರೆ ಬರುವುದಿಲ್ಲ. ಲೋಯರ್ ಆರ್ಮ್, ಟ್ರೇಲಿಂಗ್ ಆರ್ಮ್, ಲ್ಯಾಟರಲ್ ರಾಡಿನ ಬುಷ್‌ಗಳಲ್ಲಿ ಏನೂ ಜಾರುವುದಿಲ್ಲ. ಒಳಕೊಳವೆಯನ್ನು ಬೋಲ್ಟು ಬ್ರಾಕೆಟ್ಟಿಗೆ ಕಚ್ಚಿಸುತ್ತದೆ, ಹೊರಕೊಳವೆ ಆರ್ಮಿನಲ್ಲಿ ಕೂತಿರುತ್ತದೆ, ಆರ್ಮ್ ಆಡಿದಾಗ ನಡುವಿನ ರಬ್ಬರ್ ತಿರುಚಿಕೊಂಡು ಮರಳುತ್ತದೆ. ಹಿಂಡಿದ ಒದ್ದೆ ಬಟ್ಟೆಯ ಹಾಗೆ ಅದಕ್ಕೊಂದು ಮಿತಿ ಇದೆ. ಗಾಡಿ ಜಾಕಿನ ಮೇಲೆ, ಆರ್ಮ್ ಕೆಳಗೆ ಜೋತಾಡುತ್ತಿರುವಾಗಲೇ ಬೋಲ್ಟನ್ನು ಪೂರಾ ಬಿಗಿದರೆ ರಬ್ಬರಿಗೆ ಅದೇ ವಿಶ್ರಾಂತಿಯ ಸ್ಥಿತಿಯಾಗುತ್ತದೆ. ಕೆಳಗಿಳಿಸಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ. ಗಾಡಿ ಸ್ವಲ್ಪ ಎತ್ತರವಾಗಿಯೂ ಕಾಣುತ್ತದೆ, ಗಿರಾಕಿಗೆ ಖುಷಿ. ಕೆಲವು ತಿಂಗಳಲ್ಲಿ ರಬ್ಬರ್ ಹರಿದು ಗಾಡಿ ಮತ್ತೆ ಕೂರುತ್ತದೆ. ಬೈಗುಳ ಬುಷ್ ಮಾರಿದ ಅಂಗಡಿಯವನಿಗೆ.

ಹಾಗಾಗಿ ಸ್ಪ್ರಿಂಗ್ ಕೆಲಸ ಮೊದಲು, ಬುಷ್ ಆಮೇಲೆ. ಬೋಲ್ಟುಗಳನ್ನು ಕೈಬಿಗಿಯಲ್ಲಿ ಬಿಟ್ಟು, ಚಕ್ರ ಹಾಕಿ, ಗಾಡಿಯನ್ನು ಪಿಟ್ಟಿನ ಮೇಲೆ ತಂದು, ಒತ್ತಿ ಬಿಟ್ಟು, ಪೂರ್ತಿ ತೂಕ ಚಕ್ರದ ಮೇಲಿರುವಾಗ ಬಿಗಿಯಬೇಕು. ಪಿಟ್ ಇಲ್ಲದವರು ನಾಲ್ಕೂ ಚಕ್ರದಡಿ ದಪ್ಪ ಹಲಗೆ ಕೊಟ್ಟು, ಗಾಡಿ ಉರುಳದಂತೆ ಚಕ್ರಕ್ಕೆ ಕಲ್ಲು ಕೊಟ್ಟು ಮಾಡಬಹುದು.

6. ಗ್ರೀಸ್ ಬೇಡ, ಬೆಂಕಿ ಬೇಡ

ಬುಷ್ ಒತ್ತುವಾಗ ಸಾಬೂನು ನೀರು ಸಾಕು. ಗ್ರೀಸ್, ಎಂಜಿನ್ ಆಯಿಲ್ ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಎಂಜಿನ್ ಸೋರುತ್ತಿದ್ದರೆ ಮೊದಲು ಆ ಸೀಲ್ ಹಾಕಿಸಿ. ಹಳೆ ಬುಷ್ ತೆಗೆಯಲು ಆರ್ಮಿಗೆ ಬೆಂಕಿ ಹಚ್ಚುವವರಿದ್ದಾರೆ. ಹೊಗೆ ಕೆಟ್ಟದ್ದು, ಸುಟ್ಟ ಪೇಂಟಿನ ಜಾಗಕ್ಕೆ ತುಕ್ಕು ಗ್ಯಾರಂಟಿ. ಲೇತ್ ಅಂಗಡಿಯ ಪ್ರೆಸ್ಸಿನಲ್ಲಿ ಒತ್ತಿಸುವುದೇ ವಾಸಿ.

7. ಸ್ಪ್ರಿಂಗ್ ನಡುವಿನ ಬಫರ್

ಕೂತ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕಿ ಎತ್ತರಿಸುವುದು ನಮ್ಮಲ್ಲಿ ಮನೆಮದ್ದು. ಹಂಪಿಗೆ ತಳ ತಾಗುವುದು ನಿಲ್ಲುತ್ತದೆ, ನಿಜ. ಆದರೆ ಬಫರ್ ಕೂತ ಸುತ್ತು ಕೆಲಸ ನಿಲ್ಲಿಸುತ್ತದೆ, ಅದರ ಪಾಲಿನ ಬಳುಕನ್ನು ಉಳಿದ ಸುತ್ತುಗಳು ಹೊರಬೇಕು, ಸವಾರಿ ಗಡುಸಾಗುತ್ತದೆ. ಡಿಕ್ಕಿಯಲ್ಲಿ ಎಲ್‌ಪಿಜಿ ಸಿಲಿಂಡರ್ ಕೂರಿಸಿದ ಗಾಡಿಗೆ ಹಿಂದೆ ಯಾವಾಗಲೂ ಭಾರ. ಅಂಥದ್ದಕ್ಕೂ ಮೊದಲು ಹೊಸ ಸ್ಪ್ರಿಂಗ್ ಹಾಕಿ ನೋಡಿ ಎಂದೇ ನನ್ನ ಸಲಹೆ. ಪಾಲಿಯುರೆಥೇನ್ ಬುಷ್ ಬಗ್ಗೆಯೂ ಅಷ್ಟೆ: ರೇಸ್ ಓಡಿಸುವವರಿಗೆ ಸರಿ, ಸಂತೆಗೆ ಹೋಗಿ ಬರುವ 800ಕ್ಕೆ ಅದು ಕಿರುಗುಟ್ಟುವ ದುಬಾರಿ ಗಡಸುತನ.

8. ಅಲೈನ್‌ಮೆಂಟ್ ಕೊನೆಗೆ, ಹೆಡ್‌ಲೈಟ್ ಅದಕ್ಕೂ ಕೊನೆಗೆ

ಹೋದ ಬುಷ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ. ಈ ಗಾಡಿಯಲ್ಲಿ ಟೋ ಮಾತ್ರ ಹೊಂದಿಸಬಹುದು. ಕ್ಯಾಂಬರ್, ಕ್ಯಾಸ್ಟರಿಗೆ ಅಡ್ಜಸ್ಟ್‌ಮೆಂಟ್ ಇಲ್ಲ. ಅವು ಲೆಕ್ಕ ತಪ್ಪಿವೆ ಎಂದು ಕಂಪ್ಯೂಟರ್ ಚೀಟಿ ತೋರಿಸಿದರೆ ಬುಷ್, ಸ್ಪ್ರಿಂಗ್, ಇಲ್ಲವೇ ಬೆಂಡಾದ ಆರ್ಮ್ ಕಡೆಗೆ ವಾಪಸ್ ಹೋಗಬೇಕು.

ಹಿಂದಿನ ಸ್ಪ್ರಿಂಗ್ ಹೊಸದಾದ ಮೇಲೆ ಮೂಗು ತಗ್ಗಿ ಹೆಡ್‌ಲೈಟಿನ ಬೆಳಕು ಹತ್ತಿರದಲ್ಲೇ ಬೀಳುತ್ತದೆ. ಮುಂದಿನದು ಎದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅಲೈನ್‌ಮೆಂಟ್ ಅಂಗಡಿಯಲ್ಲಿ ಇದನ್ನು ತಾವಾಗಿ ನೋಡುವವರು ಕಡಿಮೆ. ಸಂಜೆ ಗಾಡಿಯನ್ನು ಗೋಡೆಯ ಮುಂದೆ ನಿಲ್ಲಿಸಿ, ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಸ್ಕ್ರೂ ತಿರುಗಿಸಿಕೊಳ್ಳಿ.