ಕ್ಯಾಮೆರಾ ತೆಗೆಯುವ ಮೊದಲು ಒಂದು ಕಾಗದ



ರಜೆ ಬಂತೆಂದರೆ ನಮ್ಮ ಮಕ್ಕಳು ಫೋಟೋ ತೆಗೆಯಲು ಹೊರಡುವ ಜಾಗಗಳು ನನಗೆ ಗೊತ್ತು. ಕಡೂರು ಕಡೆಯವರಿಗೆ ಮದಗದ ಕೆರೆ, ಅಯ್ಯನಕೆರೆ. ತರೀಕೆರೆಯವರಿಗೆ ಕಲ್ಲತ್ತಿಗಿರಿ ಜಲಪಾತ. ಅಜ್ಜಂಪುರದವರಿಗೆ ರೈಲು ಹಳಿ, ಅಮೃತ್ ಮಹಲ್ ಕಾವಲು. ಫೋಟೋ ಚೆನ್ನಾಗಿ ತೆಗೆಯುವುದು ಹೇಗೆಂದು ಹೇಳಿಕೊಡಲು ಮೊಬೈಲಿನಲ್ಲೇ ನೂರು ಪಾಠಗಳಿವೆ. ತೆಗೆಯಲು ಹೋದವರು ಕ್ಷೇಮವಾಗಿ ಮನೆಗೆ ಮರಳುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ಬರೆಯುತ್ತೇನೆ.

ಎರಡು ಘಟನೆಗಳನ್ನು ನೆನಪಿಸುತ್ತೇನೆ. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರದ ಚಿತ್ರೀಕರಣದಲ್ಲಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಮೂವರು ನಟರು ಹಾರಿದರು. ಅವರಲ್ಲಿ ಅನಿಲ್ ಮತ್ತು ಉದಯ್ ಮುಳುಗಿ ತೀರಿಕೊಂಡರು. ಇಬ್ಬರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. 2020ರ ನವೆಂಬರ್‌ನಲ್ಲಿ ತಲಕಾಡಿನ ಹತ್ತಿರ ಕಾವೇರಿಯಲ್ಲಿ, ಮದುವೆಗೆ ಕೆಲವೇ ದಿನಗಳಿದ್ದ ಜೋಡಿಯೊಂದು ಫೋಟೋ ಶೂಟ್‌ಗಾಗಿ ತೆಪ್ಪ ಹತ್ತಿತು. ಇಬ್ಬರೂ ನೀರುಪಾಲಾದರು. ನೀರು ಎಷ್ಟು ಆಳ, ಯಾರಿಗೆ ಈಜು ಬರುತ್ತದೆ, ಬಿದ್ದರೆ ಎತ್ತುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಹಿಂದಿನ ದಿನವೇ ಉತ್ತರ ಹುಡುಕಬಹುದಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಈ ಲೆಕ್ಕವನ್ನು ಮನೆಯಲ್ಲೇ, ಕಾಗದದ ಮೇಲೆ ಮಾಡಿ ಎನ್ನುವುದಕ್ಕೆ ಕಾರಣವಿದೆ. ಕ್ಯಾಮೆರಾದಲ್ಲಿ ಕಣ್ಣಿಟ್ಟವನಿಗೆ ಚೌಕಟ್ಟಿನೊಳಗಿರುವುದು ಮಾತ್ರ ಕಾಣುತ್ತದೆ. ‘ಇನ್ನೊಂದು ಹೆಜ್ಜೆ ಹಿಂದೆ’ ಎನ್ನುವಾಗ ಆ ಹೆಜ್ಜೆಯ ಕೆಳಗೆ ಏನಿದೆ ಎಂಬುದು ಅವನಿಗೂ ತಿಳಿಯದು, ನಿಂತವರಿಗೂ ತಿಳಿಯದು.

ಮೊದಲು ಎರಡು ಪದಗಳನ್ನು ಬೇರೆಬೇರೆಯಾಗಿ ತಿಳಿಯಿರಿ. ಕೆರೆಯ ಆಳ ಒಂದು ಅಪಾಯ. ನೀವು ಅದರಲ್ಲಿ ಬೀಳುವ ಸಾಧ್ಯತೆ ಎಷ್ಟು, ಬಿದ್ದರೆ ಹಾನಿ ಎಷ್ಟು ಎಂಬುದು ರಿಸ್ಕ್. ಎರಡಕ್ಕೂ 1ರಿಂದ 3ರವರೆಗೆ ಅಂಕ ಕೊಟ್ಟು ಗುಣಿಸಿ. ಪಾಚಿ ಕಟ್ಟಿದ ಕಲ್ಲಿನ ಮೇಲೆ ನೀರಿನಂಚಿನಲ್ಲಿ ನಿಂತರೆ ಸಾಧ್ಯತೆ 2, ಹಾನಿ 3, ಒಟ್ಟು 6. ಅದೇ ಫೋಟೋವನ್ನು ಏರಿಯ ಮೇಲೆ ನಿಂತು ಜೂಮ್ ಮಾಡಿ ತೆಗೆದರೆ ಸಾಧ್ಯತೆ 1, ಒಟ್ಟು 3. ಗಮನಿಸಿ, ಹಾನಿಯ ಅಂಕ ಬದಲಾಗಲಿಲ್ಲ. ನೀರಿನ ಆಳವನ್ನು ಕಡಿಮೆ ಮಾಡಲು ನಮ್ಮಿಂದಾಗದು. ನಾವು ಬದಲಿಸಬಹುದಾದದ್ದು ನಿಲ್ಲುವ ಜಾಗವನ್ನು. 6 ಅಥವಾ ಹೆಚ್ಚು ಬಂದರೆ ಜಾಗ ಬದಲಿಸಿ, ಇಲ್ಲವೇ ಆ ಫೋಟೋ ಬಿಟ್ಟುಬಿಡಿ.

ಈಗ ನಮ್ಮ ಸುತ್ತಲಿನ ಜಾಗಗಳಿಗೆ ಬರೋಣ.

ಜಲಪಾತ: ಕಲ್ಲತ್ತಿಗಿರಿಯಲ್ಲಿ ನೀವು ನಿಂತ ಕಡೆ ಬಿಸಿಲಿರಬಹುದು, ಮೇಲೆ ಕೆಮ್ಮಣ್ಣುಗುಂಡಿ ಬೆಟ್ಟದಲ್ಲಿ ಮಳೆ ಸುರಿಯುತ್ತಿರಬಹುದು. ನೀರು ಕೆಂಪಾದರೆ, ಎಲೆ ಕಡ್ಡಿ ತೇಲಿ ಬಂದರೆ, ಸದ್ದು ಜೋರಾದರೆ ಕೂಡಲೇ ಮೇಲೆ ಬನ್ನಿ. ಬುರ್ಖಾ, ಸೀರೆ, ಉದ್ದನೆಯ ದುಪಟ್ಟಾ ಒದ್ದೆಯಾದರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಅವನ್ನು ಧರಿಸಿದವರು ಒಣ ನೆಲದಲ್ಲೇ ನಿಲ್ಲಿ.

ರೈಲು ಹಳಿ: ಗಂಟೆಗೆ 100 ಕಿ.ಮೀ. ವೇಗದ ರೈಲು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಹತ್ತು ಸೆಕೆಂಡಿನ ಸೆಲ್ಫಿಯೊಳಗೆ ಅದು 280 ಮೀಟರ್ ಹತ್ತಿರ ಬಂದಿರುತ್ತದೆ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಸೆಲ್ಫಿ ಕೋಲು ಹತ್ತಿರ ಹೋದರೂ ಸಾಕು, ತಾಗಲೇಬೇಕೆಂದಿಲ್ಲ. ಹಳಿಯ ಮೇಲೆ ಅತಿಕ್ರಮವಾಗಿ ಹೋಗುವುದು 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಸಜೆಯಾಗಬಹುದು. ಇಲ್ಲಿ ಅಂಕ ಹಾಕುವುದೇ ಬೇಡ, ಹೋಗಬೇಡಿ.

ಬಯಲು: ಕಡೂರಿನ ಬಯಲಿನಲ್ಲಿ, ಅಜ್ಜಂಪುರದ ಕಾವಲಿನಲ್ಲಿ ಎಲ್ಲರಿಗಿಂತ ಎತ್ತರ ನೀವು ಮತ್ತು ನಿಮ್ಮ ಲೋಹದ ಟ್ರೈಪಾಡ್. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮಿಂಚಿದ ಕೂಡಲೇ ಎಣಿಸಿ. 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ. ಮರದಡಿ ನಿಲ್ಲದೆ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ.

ಕಾಗದದಲ್ಲಿ ಇನ್ನು ಮೂರು ವಿಷಯ ಇರಲಿ. ಒಂದು, ಜಾಗ ಬಲ್ಲವರ ಮಾತು: ಮೀನು ಹಿಡಿಯುವವರು, ದನ ಕಾಯುವವರು ‘ಅಲ್ಲಿ ಇಳಿಯಬೇಡ್ರಪ್ಪ’ ಎಂದರೆ ಅದೇ ಕೊನೆಯ ಮಾತು. ಎರಡು, ಕ್ಯಾಮೆರಾ ಹಿಡಿಯದ ಒಬ್ಬ ಕಾವಲುಗಾರ: ಅವನ ಕೆಲಸ ಸುತ್ತ ನೋಡುವುದು ಮಾತ್ರ. ಅವನು ‘ಸಾಕು’ ಎಂದರೆ ಯಾರೂ ವಾದ ಮಾಡಬಾರದು, ಅವನು ಜೂನಿಯರ್ ಆಗಿದ್ದರೂ ಸರಿ. ಮೂರು, ಯಾರಾದರೂ ನೀರಿಗೆ ಬಿದ್ದರೆ ಏನು ಮಾಡುವುದು: ನೀವು ಧುಮುಕಬೇಡಿ, ಹಗ್ಗ, ಉದ್ದ ಕೋಲು, ಖಾಲಿ ಕ್ಯಾನು ಎಸೆಯಿರಿ, ಕೂಗಿ ಜನ ಸೇರಿಸಿ, 112ಕ್ಕೆ ಕರೆ ಮಾಡಿ. ಹಗ್ಗ ಮನೆಯಿಂದಲೇ ಬರಬೇಕು.

‘ಅಲ್ಲಾಹನ ಮೇಲೆ ಭಾರ ಹಾಕಿದ್ದೇವೆ ಸರ್, ಏನೂ ಆಗಲ್ಲ’ ಎನ್ನುವವರಿದ್ದಾರೆ. ಒಂಟೆಯನ್ನು ಮೊದಲು ಕಟ್ಟಿ, ಆಮೇಲೆ ತವಕ್ಕುಲ್ ಇಡಲು ಪ್ರವಾದಿಯವರು (ಸ) ಕಲಿಸಿದ್ದನ್ನು ಅವರಿಗೆ ನೆನಪಿಸುತ್ತೇನೆ. ಜೀವ ಕಾಪಾಡುವುದು ಎಲ್ಲ ಧರ್ಮದವರಿಗೂ ಒಪ್ಪಿತವಾದ ಕರ್ತವ್ಯ.

ಕಾಗದದ ಎರಡು ಪ್ರತಿ ಮಾಡಿ. ಎಲ್ಲಿಗೆ, ಯಾರು ಯಾರು, ಎಷ್ಟು ಗಂಟೆಗೆ ವಾಪಸ್ ಎಂದು ಬರೆದು ಒಂದನ್ನು ಅಮ್ಮ ಅಥವಾ ಅಮ್ಮಿಯ ಕೈಗೆ ಕೊಡಿ, ಇನ್ನೊಂದು ಕಾವಲುಗಾರನ ಜೇಬಿನಲ್ಲಿರಲಿ. ಮುಂದಿನ ಸಂಚಿಕೆಗೆ ಹೊರಾಂಗಣ ಚಿತ್ರ ಕಳಿಸುವವರು ಆ ಕಾಗದವನ್ನೂ ಜೊತೆಗೆ ಕೊಟ್ಟರೆ ಚಿತ್ರದಷ್ಟೇ ಆಸಕ್ತಿಯಿಂದ ನಾನು ಓದುತ್ತೇನೆ.