ಗಾಜಿನ ಜಾಡಿಯಲ್ಲಿ ಪುಟ್ಟ ತೋಟ

ದಕ್ಷಿಣ ದೆಹಲಿಯ ಮುನಿರ್ಕಾದಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರವು ಕಟ್ಟಿಸಿದ ಮಹಡಿ ಮನೆಗಳಿವೆ. ಹಳೆಯ ಗ್ರಾಮದ ಇಕ್ಕಟ್ಟಾದ ಓಣಿಗಳಲ್ಲಿ ಒತ್ತೊತ್ತಾಗಿ ಎದ್ದ ಕಟ್ಟಡಗಳೂ ಇವೆ. ಇಂತಹ ಮನೆಗಳಲ್ಲಿ ಗಿಡ ಬೆಳೆಸಲು ಅಂಗಳವಿರುವುದು ಅಪರೂಪ. ಮೇ ಮತ್ತು ಜೂನ್ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ; 'ಲೂ' ಎಂಬ ಒಣ ಬಿಸಿಗಾಳಿ ಬೀಸುತ್ತದೆ. ಮಲೆನಾಡಿನ ನೆರಳು, ತೇವಗಳಿಗೆ ಒಗ್ಗಿದ ಜರೀಗಿಡವನ್ನು ಇಲ್ಲಿ ತೆರೆದ ಕುಂಡದಲ್ಲಿಟ್ಟರೆ ಅದರ ಎಲೆಯಂಚು ಬೇಗನೆ ಒಣಗುತ್ತದೆ. ಆದರೆ ಅಂತಹದೇ ಗಿಡವು ಮುಚ್ಚಿದ ಗಾಜಿನ ಜಾಡಿಯೊಳಗೆ ವರ್ಷಗಟ್ಟಲೆ ಬದುಕಬಲ್ಲದು. ಇಂತಹ ಗಾಜಿನ ತೋಟಕ್ಕೆ 'ಟೆರೇರಿಯಂ' ಎಂದು ಹೆಸರು.

ಹಿನ್ನೆಲೆ

ಈ ವಿಧಾನವು ಲಂಡನ್ನಿನ ವೈದ್ಯ ನಥಾನಿಯೆಲ್ ಬ್ಯಾಗ್‌ಷಾ ವಾರ್ಡ್ ಅವರಿಂದ ಪ್ರಚಾರಕ್ಕೆ ಬಂದಿತು. ಅವರು ಬೆಳೆಸುತ್ತಿದ್ದ ಜರೀಗಿಡಗಳು ನಗರದ ಕಲ್ಲಿದ್ದಲಿನ ಹೊಗೆಗೆ ಸಿಕ್ಕಿ ಸಾಯುತ್ತಿದ್ದವು. 1829ರಲ್ಲಿ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಡನೆ ಬಾಟಲಿಯಲ್ಲಿ ಮುಚ್ಚಿಟ್ಟಾಗ, ಆ ಮಣ್ಣಿನಲ್ಲಿ ಜರೀಗಿಡವೂ ಹುಲ್ಲೂ ಮೊಳೆತುದನ್ನು ಅವರು ಕಂಡರು. 1833ರಲ್ಲಿ ಅವರು ಕಳುಹಿಸಿದ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳು ಜೀವಂತವಾಗಿ ಸಿಡ್ನಿ ತಲುಪಿದವು. ಮುಂದೆ ಚೀನದ ಚಹಾ ಸಸಿಗಳು ಹಿಮಾಲಯದ ತಪ್ಪಲಿಗೂ, ಮಲೇರಿಯಾ ಔಷಧಿಯಾದ ಕ್ವಿನೈನ್ ನೀಡುವ ಸಿಂಕೋನಾ ಸಸಿಗಳು 1860ರ ದಶಕದ ಆರಂಭದಲ್ಲಿ ನೀಲಗಿರಿಗೂ ಬಂದುದು ಇಂತಹ ಪೆಟ್ಟಿಗೆಗಳ ನೆರವಿನಿಂದಲೇ.

ಜಾಡಿಯೊಳಗಿನ ಮಳೆ

ಬೇರುಗಳು ಹೀರಿದ ನೀರು ಎಲೆಗಳ ಮೂಲಕ ಆವಿಯಾಗಿ ಹೊರಬರುತ್ತದೆ. ಆ ಆವಿಯು ಗಾಜಿನ ತಂಪಾದ ಗೋಡೆಗೆ ತಗುಲಿ ಹನಿಗಟ್ಟಿ ಮತ್ತೆ ಮಣ್ಣಿಗೆ ಇಳಿಯುತ್ತದೆ. ಗಿಡವು ಹಗಲಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಬಳಸಿ ಆಮ್ಲಜನಕವನ್ನು ಬಿಡುತ್ತದೆ. ಗಿಡದ ಉಸಿರಾಟದಿಂದಲೂ, ಉದುರಿದ ಎಲೆಯನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳಿಂದಲೂ ಇಂಗಾಲದ ಡೈಆಕ್ಸೈಡ್ ಮರಳಿ ದೊರೆಯುತ್ತದೆ. ಹೀಗಾಗಿ ಹೊರಗಿನಿಂದ ಬೇಕಾಗುವುದು ಮುಖ್ಯವಾಗಿ ಬೆಳಕು ಮಾತ್ರ.

ನಿರ್ಮಾಣ ಕ್ರಮ

ಕೈ ಹಿಡಿಸುವಷ್ಟು ಅಗಲ ಬಾಯಿಯ, ಬಣ್ಣವಿಲ್ಲದ ಗಾಜಿನ ಉಪ್ಪಿನಕಾಯಿ ಜಾಡಿ ಇದಕ್ಕೆ ಸಾಕು. ಅದನ್ನು ತೊಳೆದು ಚೆನ್ನಾಗಿ ಒಣಗಿಸಬೇಕು. ತಳದಲ್ಲಿ ಒಂದು ಅಂಗುಲ ಸಣ್ಣ ಬೆಣಚುಕಲ್ಲು, ಅದರ ಮೇಲೆ ತೆಳುವಾಗಿ ಪುಡಿಮಾಡಿದ ಮರದ ಇದ್ದಿಲು, ಅನಂತರ ಮಣ್ಣು ಕೆಳಗಿಳಿಯದಂತೆ ನೈಲಾನ್ ಜಾಲರಿಯ ತುಂಡನ್ನು ಹಾಸಬೇಕು. ಇದರ ಮೇಲೆ ತೋಟದ ಮಣ್ಣು, ತೆಂಗಿನ ನಾರಿನ ಪುಡಿ ಮತ್ತು ಸ್ವಲ್ಪ ಮರಳು ಬೆರೆಸಿದ ಮಿಶ್ರಣವನ್ನು ಎರಡು ಅಂಗುಲದಷ್ಟು ತುಂಬಬೇಕು. ಹಿಡಿ ಮಣ್ಣನ್ನು ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಗೊಬ್ಬರ ಬೇಡ, ಅದರಿಂದ ಗಿಡಗಳು ಜಾಡಿಗೆ ಮೀರಿ ಬೆಳೆಯುತ್ತವೆ.

ಫಿಟೋನಿಯಾ, ಪೆಪರೋಮಿಯಾ, ಸೆಲಾಜಿನೆಲ್ಲಾ, ಗಿಡ್ಡ ಜಾತಿಯ ಜರೀಗಿಡ ಇವುಗಳಲ್ಲಿ ಮೂರು ನಾಲ್ಕು ಸಸಿಗಳು ಸಾಕು. ಒಣ ಹವೆಯನ್ನು ಬಯಸುವ ಕಳ್ಳಿ, ಲೋಳೆಸರಗಳು ಮುಚ್ಚಿದ ಜಾಡಿಯಲ್ಲಿ ಕೊಳೆಯುತ್ತವೆ. ರಜೆಯಲ್ಲಿ ಊರಿಗೆ ಹೋದವರು ಪಶ್ಚಿಮ ಘಟ್ಟದ ಬಂಡೆಗಳಿಂದ ಹಾವಸೆಯನ್ನೂ ಜರೀಗಿಡಗಳನ್ನೂ ಕಿತ್ತು ತರುವುದು ಸರಿಯಲ್ಲ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಂದ ಅನುಮತಿಯಿಲ್ಲದೆ ಸಸ್ಯಗಳನ್ನು ತೆಗೆಯುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಸಸ್ಯಗಳನ್ನು ನರ್ಸರಿಗಳಿಂದಲೇ ಕೊಳ್ಳಬೇಕು.

ಪಾಲನೆ

ಜಾಡಿಯ ತೋಟಗಳು ಹಾಳಾಗುವುದು ನೀರಿನ ಕೊರತೆಗಿಂತ ನೀರಿನ ಆಧಿಕ್ಯದಿಂದಲೇ ಹೆಚ್ಚು. ಕುಂಡಕ್ಕಿರುವಂತೆ ಜಾಡಿಗೆ ತಳದಲ್ಲಿ ತೂತಿಲ್ಲ. ಹೆಚ್ಚಾದ ನೀರು ಅಲ್ಲಿಯೇ ನಿಂತು ಬೇರು ಕೊಳೆಯುತ್ತದೆ. ಗಾಜನ್ನು ನೋಡಿಯೇ ನೀರಿನ ಅಳತೆಯನ್ನು ತಿಳಿಯಬಹುದು. ಬೆಳಗ್ಗೆ ಕಟ್ಟಿದ ಮಂಜು ಮಧ್ಯಾಹ್ನಕ್ಕೆ ಕರಗಿದರೆ ಸ್ಥಿತಿ ಸಮರ್ಪಕವಾಗಿದೆ. ದಿನವಿಡೀ ಗಾಜು ಮಬ್ಬಾಗಿದ್ದರೆ ಮುಚ್ಚಳವನ್ನು ಕೆಲವು ಗಂಟೆ ತೆರೆದಿಡಬೇಕು. ಮಂಜೇ ಕಟ್ಟದೆ ಮಣ್ಣು ಬಿಳಿಚಿಕೊಂಡಿದ್ದರೆ ಎರಡು ಚಮಚ ನೀರನ್ನು ಚಿಮುಕಿಸಬೇಕು. ಗಡಸು ನೀರಿನ ಲವಣಗಳು ಜಾಡಿಯಲ್ಲಿಯೇ ಉಳಿದು ಸಂಗ್ರಹವಾಗುವುದರಿಂದ ಮಳೆನೀರು ಅಥವಾ ಲವಣ ತೆಗೆದ ನೀರು ಉತ್ತಮ. ಕೊಳೆತ ಎಲೆ, ಬೂಷ್ಟು ಕಂಡರೆ ಕೂಡಲೇ ತೆಗೆಯಬೇಕು.

ನೇರ ಬಿಸಿಲು ತಗುಲಿದರೆ ಮುಚ್ಚಿದ ಗಾಜಿನೊಳಗೆ ಶಾಖವು ಸಂಗ್ರಹವಾಗಿ ಗಿಡಗಳು ಬೆಂದುಹೋಗುತ್ತವೆ. ಆದ್ದರಿಂದ ಜಾಡಿಯನ್ನು ಬಾಲ್ಕನಿಯಲ್ಲಿಡದೆ, ಉತ್ತರದ ಕಿಟಕಿಯ ಬಳಿ ಒಳಗಡೆ ಇಡುವುದು ಕ್ಷೇಮ. ಬೆಳಕು ಸಾಲದ ಓಣಿಯ ಮನೆಗಳಲ್ಲಿ ಬಿಳಿಯ ಎಲ್‌ಇಡಿ ದೀಪವನ್ನು ದಿನಕ್ಕೆ ಹತ್ತರಿಂದ ಹನ್ನೆರಡು ಗಂಟೆ ಉರಿಸಬಹುದು. ಚಳಿಗಾಲದಲ್ಲಿ ಜಾಡಿಯು ತಣ್ಣನೆಯ ಕಿಟಕಿಗೆ ತಗುಲದಂತೆಯೂ ಹೀಟರಿನ ಸಮೀಪ ಇರದಂತೆಯೂ ಎಚ್ಚರ ವಹಿಸಬೇಕು. ಆ ದಿನಗಳಲ್ಲಿ ಗಾಜಿನ ಹೊರಮೈಗೆ ಕೂರುವ ಧೂಳನ್ನು ವಾರಕ್ಕೊಮ್ಮೆ ಒರೆಸಿದರೆ ಬೆಳಕು ಸರಿಯಾಗಿ ಒಳಸೇರುತ್ತದೆ.

ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ಜಾಡಿಯು ಒಳಗಿನ ಗಿಡಗಳನ್ನು ಹೊರಗಿನ ಹೊಗೆಯಿಂದ ಕಾಪಾಡುತ್ತದೆ. ಕೋಣೆಯ ಗಾಳಿಯನ್ನು ಅದು ಶುದ್ಧಗೊಳಿಸಲಾರದು. ಆದರೆ ನೀರಿನ ಚಕ್ರವನ್ನು ಮಕ್ಕಳಿಗೆ ಕಣ್ಣಾರೆ ತೋರಿಸಲು ಇದಕ್ಕಿಂತ ಅಗ್ಗದ ಸಾಧನ ಮನೆಯಲ್ಲಿ ದೊರೆಯುವುದು ವಿರಳ. ಮಕ್ಕಳು ಮಂಜು ಕಟ್ಟುವ ಮತ್ತು ಕರಗುವ ಹೊತ್ತನ್ನು ಪ್ರತಿದಿನ ಬರೆದಿಟ್ಟರೆ, ಒಂದು ತಿಂಗಳಿನಲ್ಲಿ ಆ ಜಾಡಿಗೆ ಎಷ್ಟು ನೀರು ಬೇಕೆಂಬುದನ್ನು ಅವರೇ ಹೇಳಬಲ್ಲರು.